ಫಲಿತಾಂಶದ ದಿನವಲ್ಲ, ಅಭ್ಯಾಸದ ಮೊದಲ ದಿನ

ಕೃಷ್ಣಾಷ್ಟಮಿ ಕಳೆದು ನವರಾತ್ರಿ ಹತ್ತಿರವಾಗುತ್ತಿದ್ದಂತೆ ಬಾರ್ಕೂರಿನ ಆಸುಪಾಸಿನ ಶಾಲೆಗಳ ಅಂಗಳ ಸಂಜೆಯ ಬೆಲ್ ಹೊಡೆದ ಮೇಲೂ ಖಾಲಿಯಾಗುವುದಿಲ್ಲ. ಒಂದು ಮೂಲೆಯಲ್ಲಿ ಪ್ರತಿಭಾ ಕಾರಂಜಿಯ ಜಾನಪದ ನೃತ್ಯ, ಇನ್ನೊಂದು ಕಡೆ ಯುವಕ ಮಂಡಲದ ಗುಂಪು ನೃತ್ಯ ಸ್ಪರ್ಧೆಗೆ ತಯಾರಿ, ಆಚೆ ಹುಲಿವೇಷದ ತಂಡದಲ್ಲಿ ಮರಿ ಹುಲಿಯಾಗಲು ಪಲ್ಟಿ ಕಲಿಯುವ ಹುಡುಗರು. ಡಿಸೆಂಬರ್ ಬಂದರೆ ವಾರ್ಷಿಕೋತ್ಸವ, ಅಲ್ಲೊಂದು ಪಿರಮಿಡ್. ಇಂಥ ತಂಡಗಳಿಗೆ ಕಲಿಸಿದ್ದೇನೆ, ತೀರ್ಪುಗಾರರ ಮೇಜಿನ ಹಿಂದೆಯೂ ಕೂತಿದ್ದೇನೆ. ತಂದೆತಾಯಿ ನ್ಯಾಯದ ಪ್ರಶ್ನೆ ಎತ್ತುವುದು ಹೆಚ್ಚಾಗಿ ಬಹುಮಾನ ಘೋಷಣೆಯಾದ ಮೇಲೆ. ಅಷ್ಟು ಹೊತ್ತಿಗೆ ನ್ಯಾಯವೋ ಅನ್ಯಾಯವೋ ನಡೆದು ವಾರಗಳೇ ಕಳೆದಿರುತ್ತವೆ. ಯಾರನ್ನು ತಂಡಕ್ಕೆ ತೆಗೆದುಕೊಂಡರು, ಯಾರ ಹೆಗಲ ಮೇಲೆ ಯಾರು ಹತ್ತುತ್ತಾರೆ, ಡ್ರೆಸ್ಸಿನ ಬಾಡಿಗೆ ಯಾರ ಕಿಸೆಯಿಂದ ಹೋಗುತ್ತದೆ, ಬಿದ್ದರೆ ಹಿಡಿಯುವವರು ಯಾರು ಎಂಬುದೆಲ್ಲ ಅಭ್ಯಾಸದ ಮೊದಲ ವಾರದಲ್ಲೇ ತೀರ್ಮಾನವಾಗುತ್ತದೆ. ನೀವು ಬಾಯಿ ತೆರೆದು ಕೇಳಬೇಕಾದ್ದೂ ಆಗಲೇ.

ನಮ್ಮ ಈ ಗುಂಪು ನೃತ್ಯ, ಪಿರಮಿಡ್, ಪಲ್ಟಿಗಳನ್ನು ಒಟ್ಟಿಗೆ ಸೇರಿಸಿದರೆ ಬೇರೆ ದೇಶಗಳ ಚಿಯರ್‌ಲೀಡಿಂಗ್‌ಗೆ ತುಂಬ ಹತ್ತಿರವಾಗುತ್ತದೆ. ನಮ್ಮ ಜನ ಆ ಹೆಸರು ಕೇಳಿದ್ದು 2008ರಲ್ಲಿ ಐಪಿಎಲ್ ಶುರುವಾದಾಗ, ಬೌಂಡರಿಯಾಚೆ ಕುಣಿಯುವ ಹುಡುಗಿಯರು ಎಂಬಷ್ಟಕ್ಕೆ. ಅಮೆರಿಕದಲ್ಲಿ ಅದು 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದಲ್ಲಿ ಹುರಿದುಂಬಿಸುವ ಕೂಗಾಗಿ ಹುಟ್ಟಿತು. ಈಗ ಶಾಲಾ ಮಕ್ಕಳು ಒಬ್ಬರನ್ನೊಬ್ಬರು ಎತ್ತಿ, ಎಸೆದು, ಹಿಡಿದು ಅಂಕಕ್ಕಾಗಿ ಸೆಣಸುವ ಸ್ಪರ್ಧೆಯಾಗಿದೆ. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದರ ಜಾಗತಿಕ ಸಂಸ್ಥೆಗೆ ಪೂರ್ಣ ಮಾನ್ಯತೆಯನ್ನೂ ಕೊಟ್ಟಿತು. ಅಲ್ಲಿಯವರು ಮಕ್ಕಳ ಎಲುಬು ಮುರಿದುಕೊಂಡು ಕಲಿತ ಕೆಲವು ಪಾಠಗಳು ನಮ್ಮ ಅಂಗಳಕ್ಕೂ ಬೇಕು.

ಮೊದಲು ಆಯ್ಕೆಯ ವಿಷಯ. ಗೇಟಿನ ಹತ್ತಿರ ತಾಯಂದಿರು ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಟೀಚರೇ, ನಮ್ಮ್ ಹೆಣ್ಣನ್ನ್ ಎಂತಕ್ಕೆ ಹಿಂದಿನ್ ಸಾಲಂಗೆ ನಿಲ್ಸಿದ್ದ್?" ಹಿಂದಿನ ಸಾಲಿಗೆ ಕಾರಣ ಹಲವು. ಹುಡುಗಿ ಎತ್ತರ ಇರಬಹುದು. ತಾಳ ಗಟ್ಟಿ ಇರುವ ಮಗುವನ್ನು ಹಿಂದೆ ನಿಲ್ಲಿಸಿದರೆ ಸಾಲು ಕೆಡುವುದಿಲ್ಲ ಎಂಬ ಲೆಕ್ಕವೂ ಇರಬಹುದು. ಮುಂದಿನ ಸಾಲಿನಲ್ಲಿ ನಿಂತವರ ಅಪ್ಪ ವಾರ್ಷಿಕೋತ್ಸವದ ಊಟದ ಖರ್ಚು ವಹಿಸಿಕೊಂಡಿದ್ದೂ ಕಾರಣವಾಗಿರಬಹುದು, ಅಂಥದ್ದು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಈ ಮೂರರಲ್ಲಿ ಯಾವುದು ಎಂದು ತಿಳಿಯಬೇಕಾದರೆ "ನನ್ನ ಮಗಳು ಯಾಕಿಲ್ಲ" ಎಂದು ಕೇಳಬೇಡಿ, "ಆಯ್ಕೆಗೆ ಏನೇನು ನೋಡಿದಿರಿ" ಎಂದು ಕೇಳಿ. ಮೊದಲನೆಯದಕ್ಕೆ ಸಮಜಾಯಿಷಿ ಸಿಗುತ್ತದೆ, ಎರಡನೆಯದಕ್ಕೆ ಉತ್ತರ ಸಿಗುತ್ತದೆ. ಸರಿಯಾಗಿ ನಡೆಯುವ ಆಯ್ಕೆ ಎಲ್ಲರ ಎದುರಿಗೇ ನಡೆಯುತ್ತದೆ. ಏನು ನೋಡುತ್ತೇವೆಂದು ಮಕ್ಕಳಿಗೆ ಮುಂಚೆಯೇ ಹೇಳಿರುತ್ತಾರೆ. ಆರಿಸುವವರು ಒಬ್ಬರಲ್ಲ, ಇಬ್ಬರು. ಕಲಿಸುವವರ ಸ್ವಂತ ಮಗುವೋ ನೆಂಟರ ಮಗುವೋ ಸಾಲಿನಲ್ಲಿದ್ದರೆ ಆ ಮಗುವಿನ ಮಟ್ಟಿಗೆ ತೀರ್ಮಾನ ಇನ್ನೊಬ್ಬರದ್ದು. ತಂಡದಲ್ಲಿ ಜಾಗ ಸಿಗದ ಮಕ್ಕಳು ಬದಲಿಗಳಾಗಿ ಅಭ್ಯಾಸಕ್ಕೆ ಬರುವುದಾದರೆ, ಕ್ಲಸ್ಟರ್ ಮಟ್ಟದಲ್ಲೋ ಶಾಲೆಯ ಕಾರ್ಯಕ್ರಮದಲ್ಲೋ ಒಮ್ಮೆಯಾದರೂ ವೇದಿಕೆ ಹತ್ತಿಸುತ್ತೇವೆಂದು ಮೊದಲೇ ಮಾತಾಗಬೇಕು. ಎರಡು ತಿಂಗಳು ಬೆವರು ಸುರಿಸಿದ ಮಗು ಕೊನೆಗೆ ಬಟ್ಟೆ ಹಿಡಿದು ನಿಲ್ಲುವುದಷ್ಟೇ ಆದರೆ ಅದು ಕಲಿಕೆಯಲ್ಲ, ಬಿಟ್ಟಿ ದುಡಿಮೆ.

ತಂಡ ಬಲವಾಗಲೆಂದು ಡ್ಯಾನ್ಸ್ ಕ್ಲಾಸಿನಿಂದ ಬೇರೆ ಶಾಲೆಯ ಇಬ್ಬರನ್ನು ಸೇರಿಸುವುದು, ಎಂಟನೆಯವನನ್ನು ಏಳನೆಯವನೆಂದು ಕಿರಿಯರ ವಿಭಾಗಕ್ಕೆ ತಳ್ಳುವುದು ಮೋಸ. ಇದನ್ನು ಹೇಳಲು ಹೆಚ್ಚು ಮಾತು ಬೇಡ. ಆದರೆ ಅದು ನಿಮ್ಮ ಮಗುವಿನ ಕಣ್ಣೆದುರೇ ನಡೆಯುತ್ತದೆ ಮತ್ತು ಮಗು ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ. ಹತ್ತು ವರ್ಷದ ಮಗುವಿನ ಕೈಯಲ್ಲಿ ಸುಳ್ಳನ್ನು ಕಾಯಿಸುವುದು ದೊಡ್ಡವರ ಅಪರಾಧ.

ಮಕ್ಕಳ ಸ್ಥಾನಕ್ಕಾಗಿ ದೊಡ್ಡವರು ಎಲ್ಲಿಯವರೆಗೆ ಹೋದಾರು ಎಂಬುದಕ್ಕೆ ಚಿಯರ್‌ಲೀಡಿಂಗ್ ಲೋಕದಲ್ಲೇ ಒಂದು ಭೀಕರ ಪ್ರಕರಣವಿದೆ. 1991ರಲ್ಲಿ ಟೆಕ್ಸಾಸಿನ ಚಾನೆಲ್‌ವ್ಯೂ ಎಂಬ ಊರಿನಲ್ಲಿ ಒಬ್ಬ ತಾಯಿ, ಮಗಳ ಪ್ರತಿಸ್ಪರ್ಧಿಯ ತಾಯಿಯನ್ನು ಕೊಲ್ಲಿಸಲು ಸುಪಾರಿ ಕೊಡಲು ಹೊರಟು ಸಿಕ್ಕಿಬಿದ್ದಳು. ತಾಯಿ ಸತ್ತ ದುಃಖದಲ್ಲಿ ಆ ಹುಡುಗಿ ತಂಡದ ಆಯ್ಕೆಯಿಂದ ಹಿಂದೆ ಸರಿಯುತ್ತಾಳೆ ಎಂಬ ಲೆಕ್ಕಾಚಾರ. ನಮ್ಮಲ್ಲಿ ಯಾರೂ ಅಷ್ಟು ದೂರ ಹೋಗುವುದಿಲ್ಲ. ಆದರೆ ಇನ್ನೊಬ್ಬರ ಮಗು ಜ್ವರದಿಂದ ಮಲಗಿದ ಸುದ್ದಿ ಕೇಳಿ ಒಳಗೊಳಗೇ ಹಗುರವಾದರೆ, ಅಲ್ಲಿಗೇ ಒಂದು ಹೆಜ್ಜೆ ಹಿಂದೆ ಸರಿಯುವುದು ಒಳ್ಳೆಯದು.

ದುಡ್ಡಿನ ವಿಷಯವನ್ನು ಮೊದಲ ಸಭೆಯಲ್ಲೇ ಎತ್ತಿ. ಡ್ರೆಸ್ ಬಾಡಿಗೆ, ಮೇಕಪ್, ಹೊರಗಿನಿಂದ ಬರುವ ಡ್ಯಾನ್ಸ್ ಮಾಸ್ಟರ ಸಂಬಳ, ಹೋಗಿ ಬರುವ ವಾಹನ ಎಲ್ಲ ಸೇರಿಸಿ ತಲೆಗೆ ಎಷ್ಟು ಬೀಳುತ್ತದೆಂದು ಮೊದಲೇ ಗೊತ್ತಾಗಲಿ. ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಿ ಎಲ್ಲರ ಎದುರು "ನಮಗಾಗುವುದಿಲ್ಲ" ಎನ್ನುವುದಿಲ್ಲ, ಮಗುವನ್ನೇ ಸದ್ದಿಲ್ಲದೆ ಬಿಡಿಸುತ್ತಾಳೆ. ಹಾಗೆ ಬಿಟ್ಟ ಮಕ್ಕಳಿಗೆ "ಆಸಕ್ತಿ ಇಲ್ಲ" ಎಂಬ ಹೆಸರು ಅಂಟುತ್ತದೆ. ಇದ್ದವರು ಹೆಚ್ಚು ಕೊಡಬೇಕೆಂದಿದ್ದರೆ ಶಾಲೆಯ ಹೆಸರಿಗೆ ಕೊಡಲಿ. ಯಾರ ದುಡ್ಡಿನಿಂದ ಯಾರ ಡ್ರೆಸ್ ಬಂತೆಂದು ಮಕ್ಕಳಿಗೆ ಗೊತ್ತಾಗಬಾರದು. ತೀರ್ಪಿನ ಹಾಳೆಯಲ್ಲಿ ವೇಷಭೂಷಣಕ್ಕೆ ಎಷ್ಟು ಅಂಕ ಎಂದೂ ಆಯೋಜಕರನ್ನು ಕೇಳಿ. ಆ ಅಂಕ ಏರಿದಷ್ಟೂ ಸ್ಪರ್ಧೆ ಕಿಸೆಗಳ ನಡುವೆ ನಡೆಯುತ್ತದೆ.

ಇನ್ನು ಎತ್ತರ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಉಳಿದ ಅನ್ಯಾಯಗಳನ್ನು ಮುಂದಿನ ವರ್ಷ ಸರಿಪಡಿಸಬಹುದು, ಕುತ್ತಿಗೆಯ ಎಲುಬನ್ನು ಆಗುವುದಿಲ್ಲ.

ಡಿಸೆಂಬರ್ ರಾತ್ರಿಯ ನಮ್ಮ ವೇದಿಕೆಯನ್ನು ಹತ್ತಿರ ಹೋಗಿ ನೋಡಿ. ಡ್ರಮ್ಮಿನ ಮೇಲೆ ಹಲಗೆ, ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದು, ಮೇಲೆ ಅಲ್ಲಲ್ಲಿ ಮೊಳೆ ಹೊಡೆದ ಕೆಂಪು ಕಾರ್ಪೆಟ್. ಒಂಬತ್ತು ಗಂಟೆ ದಾಟಿದರೆ ಇಬ್ಬನಿಗೆ ಕಾರ್ಪೆಟ್ ತಣ್ಣಗೆ ಒದ್ದೆ. ಬರಿಗಾಲಿನ, ಎಣ್ಣೆ ಬಣ್ಣ ಬಳಿದ, ಬೆವರಿದ ಮಕ್ಕಳು ಅದರ ಮೇಲೆ ಮೂರು ಅಂತಸ್ತು ಏರುತ್ತಾರೆ. ಮೇಲಿನ ಮಗು ಬಾವುಟ ಬಿಚ್ಚಿದಾಗ ಸಿಳ್ಳೆ. ಕೆಳಗಿನ ಸಾಲಿನ ಹುಡುಗ ನಡುಗುವ ಮಂಡಿಯನ್ನು ಹಲಗೆಗೆ ಒತ್ತಿ ಹಿಡಿದಿರುತ್ತಾನೆ, ಅವನ ಮುಖ ಯಾವ ಫೋಟೋದಲ್ಲೂ ಬರುವುದಿಲ್ಲ.

ಅಮೆರಿಕದ ಮಕ್ಕಳ ತಜ್ಞ ವೈದ್ಯರ ಅಕಾಡೆಮಿ 2012ರಲ್ಲಿ ಚಿಯರ್‌ಲೀಡಿಂಗ್ ಗಾಯಗಳ ಬಗ್ಗೆ ಕೊಟ್ಟ ಸಲಹೆ ಸ್ಪಷ್ಟವಾಗಿದೆ. ಪಿರಮಿಡ್ ಎರಡು ಆಳಿಗಿಂತ ಎತ್ತರ ಬೇಡ. ಗಟ್ಟಿ, ಒದ್ದೆ ಅಥವಾ ತಗ್ಗುದಿಣ್ಣೆಯ ನೆಲದ ಮೇಲೆ ಎತ್ತುವ, ಎಸೆಯುವ ಕೆಲಸವೇ ಬೇಡ. ಹುಲ್ಲುನೆಲ ಅಥವಾ ಸ್ಪ್ರಿಂಗು, ಫೋಮಿನ ಹಾಸು ಬೇಕು. ತಲೆಗೆ ಪೆಟ್ಟಾದ ಅನುಮಾನವಿದ್ದರೆ ವೈದ್ಯರು ಸರಿ ಎನ್ನುವವರೆಗೆ ಮಗು ತಂಡಕ್ಕೆ ಮರಳಬಾರದು. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ದಹಿ ಹಂಡಿಯ ಮಾನವ ಗೋಪುರದ ವಿಷಯ ಕೋರ್ಟಿಗೇ ಹೋಯಿತು. 2014ರಲ್ಲಿ ಬಾಂಬೆ ಹೈಕೋರ್ಟ್ 18 ವರ್ಷದೊಳಗಿನವರು ಏರಬಾರದು, ಎತ್ತರ 20 ಅಡಿ ದಾಟಬಾರದು ಎಂದಿತು. 2017ರಲ್ಲಿ ಎತ್ತರದ ಮಿತಿ ಹೋಯಿತು, ಆದರೆ 14 ವರ್ಷದೊಳಗಿನ ಮಕ್ಕಳನ್ನು ಹತ್ತಿಸಬಾರದು ಎಂಬುದು ಉಳಿಯಿತು. ನಮ್ಮ ಜಿಲ್ಲೆಯ ಮೊಸರು ಕುಡಿಕೆಗೂ ವಾರ್ಷಿಕೋತ್ಸವಕ್ಕೂ ಅದೇ ಅಳತೆಗೋಲು ಇಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ.

ಬೆಳೆಯುವ ಮಕ್ಕಳ ಎಲುಬಿನ ತುದಿಗಳಲ್ಲಿ ಮೆದುವಾದ ಬೆಳವಣಿಗೆಯ ಪದರ ಇರುತ್ತದೆ. ಮಣಿಕಟ್ಟಿನ ಮೇಲೆ ಭಾರ ಹಾಕಿ ಪಲ್ಟಿ ಹೊಡೆಯುವಾಗ, ಮೇಲಿಂದ ಧುಮುಕುವಾಗ ಪೆಟ್ಟು ಮೊದಲು ತಾಗುವುದು ಅಲ್ಲಿಗೆ. ಅದು ಉಳುಕೆಂದು ಎಣ್ಣೆ ತಿಕ್ಕಿ ಬಿಟ್ಟರೆ ಎಲುಬಿನ ಬೆಳವಣಿಗೆಯೇ ಏರುಪೇರಾಗಬಹುದು. ಬಿದ್ದ ಮೇಲೆ ತಲೆನೋವು, ವಾಂತಿ, ಮಂಕು, ಕೇಳಿದ್ದನ್ನೇ ಮತ್ತೆ ಕೇಳುವುದು ಕಂಡರೆ ಆ ದಿನದ ಕುಣಿತ ಅಲ್ಲಿಗೇ ಮುಗಿಯಿತು, ಫೈನಲ್ ಆದರೂ ಸರಿ, ಸೀದಾ ಆಸ್ಪತ್ರೆಗೆ. "ಎಂತ ಆತಿಲ್ಲೆ, ಏಳ್" ಎನ್ನುವ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಆ ಮಾತು ಕೇಳಬೇಡಿ.

ಚಿಯರ್‌ಲೀಡಿಂಗ್‌ನ ಕ್ಲಬ್ ಸ್ಪರ್ಧೆಗಳಲ್ಲಿ 1ರಿಂದ 7ರವರೆಗೆ ಹಂತಗಳಿವೆ. ಯಾವ ಹಂತದವರು ಏನು ಮಾಡಬಹುದೆಂದು ನಿಗದಿಯಾಗಿದೆ, ಅದಕ್ಕಿಂತ ಮೇಲಿನ ಕಸರತ್ತು ಮಾಡಿದರೆ ಅಂಕ ಕಡಿತ. ನಮ್ಮಲ್ಲಿ ಇದು ತಲೆಕೆಳಗಾಗಿದೆ: ಹೆಚ್ಚು ಅಪಾಯ, ಹೆಚ್ಚು ಚಪ್ಪಾಳೆ, ಆ ಚಪ್ಪಾಳೆ ಕೇಳಿ ತೀರ್ಪುಗಾರರೂ ಹೆಚ್ಚು ಅಂಕ ಕೊಡುತ್ತಾರೆ. ಹಾಗಂತ ಹಂತಹಂತವಾಗಿ ಏರುವ ಪದ್ಧತಿ ನಮಗೆ ಹೊಸತಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಹುಡುಗರು ಕೋಡಂಗಿಯಾಗಿ ರಂಗಕ್ಕೆ ಬಂದು, ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ ಎಂದು ಮುಂದುವರಿಯುತ್ತಿದ್ದರು. ಹೆಜ್ಜೆ ಗಟ್ಟಿಯಾಗದವನಿಗೆ ಯಾರೂ ಮುಖ್ಯ ವೇಷ ಕಟ್ಟುತ್ತಿರಲಿಲ್ಲ. ನಮಗೆ ಕೂಗಳತೆಯ ಸಾಲಿಗ್ರಾಮದಲ್ಲಿ 1970ರ ದಶಕದಲ್ಲಿ ಕಾರ್ಕಡ ಶ್ರೀನಿವಾಸ ಉಡುಪರು, ಎಚ್. ಶ್ರೀಧರ ಹಂದೆಯವರು ಮಕ್ಕಳ ಮೇಳ ಕಟ್ಟಿ ಮಕ್ಕಳ ಕೈಯಲ್ಲಿ ಇಡೀ ಪ್ರಸಂಗ ಆಡಿಸಿದರು. ಉಡುಪಿಯ ಯಕ್ಷಗಾನ ಕಲಾರಂಗದ ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ಪ್ರೌಢಶಾಲೆಯ ತಂಡಗಳು ದಿನಕ್ಕಿಷ್ಟೆಂದು ಸರದಿಯಲ್ಲಿ ರಂಗಕ್ಕೇರುತ್ತವೆ. ಕಲಿತ ಮಕ್ಕಳಿಗೆಲ್ಲ ವೇದಿಕೆ ಸಿಗಲಿ ಎಂಬ ಆಸೆಗೆ ಸ್ಪರ್ಧೆಯೊಂದೇ ದಾರಿಯಲ್ಲ.

ಆದ್ದರಿಂದ ಪಿರಮಿಡ್ ಎಂಬ ಮಾತು ಬಂದ ದಿನವೇ ಕೇಳಿ: ಎಷ್ಟು ಅಂತಸ್ತು, ಯಾವ ನೆಲ, ಮ್ಯಾಟ್ ಅಭ್ಯಾಸಕ್ಕೆ ಮಾತ್ರವೋ ವೇದಿಕೆಗೂ ಬರುತ್ತದೋ, ಸುತ್ತ ಹಿಡಿಯಲು ನಿಲ್ಲುವ ದೊಡ್ಡವರು ಯಾರು, ಮಳೆ ಬಂದರೆ ಏನು. ಕಬಡ್ಡಿಯ ಮ್ಯಾಟ್ ಇರುವ ಶಾಲೆಯಿಂದ ಒಂದು ದಿನಕ್ಕೆ ತರುವುದು ಕಷ್ಟದ ಕೆಲಸವಲ್ಲ. ಮಗು "ನನಗೆ ಹೆದರಿಕೆ" ಎಂದರೆ ಅದೇ ಕೊನೆಯ ಮಾತು. ಹೆದರಿದ ಮಗು ಸಾಲಿನಲ್ಲಿದ್ದರೆ ಅದರ ಕೆಳಗಿರುವ ಮಗುವಿಗೂ ಅಪಾಯ.

ಮೇಲೆ ಹತ್ತುವ ಮಗು ಹಗುರ ಇರಬೇಕು. ಈ ಸರಳ ಲೆಕ್ಕ ಹುಡುಗಿಯರ ತಟ್ಟೆಯವರೆಗೆ ಬರುತ್ತದೆ. "ಸ್ವಲ್ಪ ಅನ್ನ ಕಡಿಮೆ ಮಾಡು" ಎಂದು ಕಲಿಸುವವರು ಎಲ್ಲರೆದುರು ಹೇಳಿದ ಒಂದು ಮಾತು ಹನ್ನೆರಡರ ಹುಡುಗಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮಗಳು ಊಟಕ್ಕೆ ನೆಪ ಹೇಳತೊಡಗಿದರೆ, ಸರಿಯಾಗಿದ್ದ ಮುಟ್ಟು ಮೂರು ತಿಂಗಳು ನಿಂತರೆ ಸ್ಪರ್ಧೆ ಮುಗಿಯಲೆಂದು ಕಾಯದೆ ವೈದ್ಯರಿಗೆ ತೋರಿಸಿ. ಮಕ್ಕಳ ತೂಕದ ಬಗ್ಗೆ ತಂಡದೆದುರು ಮಾತಿಲ್ಲ ಎಂಬುದು ಮೊದಲ ಸಭೆಯಲ್ಲೇ ಆಗಬೇಕಾದ ಒಪ್ಪಂದ. ಹೊಡೆದು ಬೈದು ಕಲಿಸುವುದರ ಬಗ್ಗೆಯೂ ಅಷ್ಟೇ: ಶಾಲಾ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಹೊರಗಿನಿಂದ ಬಂದ ಮಾಸ್ಟರಿಗೆ ಇದು ಗೊತ್ತಿಲ್ಲದಿದ್ದರೆ ಹೇಳುವವರು ಬೇಕು.

ಮರಿ ಹುಲಿಗಳ ಮನೆಯವರಿಗೆ ಇನ್ನೊಂದು ಮಾತು. ಪುಟ್ಟ ಮಕ್ಕಳ ಮೈಗೆ ಎನಾಮೆಲ್ ಬಣ್ಣ ಬಳಿದು, ರಾತ್ರಿ ಸೀಮೆಎಣ್ಣೆಯಲ್ಲೋ ಥಿನ್ನರಿನಲ್ಲೋ ಉಜ್ಜಿ ತೆಗೆಯಬೇಡಿ. ಚರ್ಮಕ್ಕೂ ಉಸಿರಿಗೂ ಅದು ಕೆಟ್ಟದ್ದು. ನೀರಿನಲ್ಲಿ ಹೋಗುವ ಬಣ್ಣ ಆರಿಸಿ, ಹಿಂದಿನ ದಿನವೇ ಮುಂಗೈ ಮೇಲೆ ಒಂದು ಚುಕ್ಕೆ ಹಚ್ಚಿ ನೋಡಿ. ತಾಸೆಯ ಪೆಟ್ಟಿಗೆ ಮೈಮರೆತು ಕುಣಿಯುವ ಮಗುವಿಗೆ ಬಾಯಾರಿದ್ದು ಗೊತ್ತಾಗುವುದಿಲ್ಲ. ನೀರು ಕುಡಿಸುವ ಹೊಣೆ ಒಬ್ಬರಿಗೆ ವಹಿಸಿ.

ಹಾಡು, ಹೆಜ್ಜೆಗಳ ಆಯ್ಕೆಯೂ ನ್ಯಾಯದ ಪ್ರಶ್ನೆಯೇ. ಸಿನಿಮಾದಲ್ಲಿ ದೊಡ್ಡವರು ಮಾಡಿದ ಭಂಗಿಯನ್ನು ಎಂಟು ವರ್ಷದ ಮಗುವಿನ ಕೈಯಲ್ಲಿ ಮಾಡಿಸಿ ಚಪ್ಪಾಳೆ ಗಿಟ್ಟಿಸುವುದು ಎಷ್ಟು ವ್ಯಾಪಕವಾಯಿತೆಂದರೆ, 2019ರ ಜೂನಿನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಟಿವಿ ಚಾನೆಲ್‌ಗಳಿಗೆ ಎಚ್ಚರಿಕೆಯ ಸೂಚನೆ ಕಳಿಸಬೇಕಾಯಿತು. ಟಿವಿಯ ರಿಯಾಲಿಟಿ ಶೋಗಳಿಗೆ ಮಗುವನ್ನು ಕರೆದೊಯ್ಯುವ ಯೋಚನೆಯಲ್ಲಿರುವವರು ಬಾಲಕಾರ್ಮಿಕ ನಿಯಮಗಳನ್ನೂ ತಿಳಿದಿರಲಿ: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಿಶ್ರಾಂತಿಯಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಬಂದ ಸಂಭಾವನೆಯ ಕನಿಷ್ಠ ಶೇ. 20 ಮಗುವಿನ ಹೆಸರಿಗೆ ಠೇವಣಿಯಾಗಬೇಕು. ಶಾಲೆಯ ವೇದಿಕೆಗೆ ಇಷ್ಟು ಕಾನೂನು ಬೇಕಿಲ್ಲ. ಮಗುವಿಗೆ ಹಾಡಿನ ಅರ್ಥ ಬಿಡಿಸಿ ಹೇಳಲು ನಿಮಗೇ ಮುಜುಗರವಾದರೆ ಆ ಹಾಡು ಬೇಡ. ಈ ಸೀಮೆಯ ಹೌಂದೇರಾಯನ ವಾಲ್ಗವಿದೆ, ಕುಡುಬಿಯರ ಹೋಳಿ ಕುಣಿತದ ಗುಮಟೆಯಿದೆ. ಆದರೆ ಅವುಗಳನ್ನು ತರುವಾಗಲೂ ಆ ಸಮುದಾಯದ ಹಿರಿಯರೊಬ್ಬರನ್ನು ಕರೆದು ಕಲಿಸಿ, ಹೆಸರು ಹೇಳಿ, ಗೌರವಧನ ಕೊಡಿ. ಯೂಟ್ಯೂಬ್ ನೋಡಿ ಎತ್ತಿಕೊಂಡು ಬಹುಮಾನ ಹೊಡೆಯುವುದು ನನಗೆ ಸರಿ ಕಾಣುವುದಿಲ್ಲ.

ತೀರ್ಪಿನ ವಿಷಯಕ್ಕೆ ಬರೋಣ. ಊರು ಚಿಕ್ಕದು, ತೀರ್ಪುಗಾರರಿಗೆ ಎಲ್ಲರೂ ಗೊತ್ತು. ಅದನ್ನು ತಪ್ಪಿಸಲಾಗುವುದಿಲ್ಲ, ವ್ಯವಸ್ಥೆ ಮಾಡಬಹುದು. ಮೂವರು ತೀರ್ಪುಗಾರರು, ದೂರ ದೂರ ಕುರ್ಚಿ, ಬೇರೆ ಬೇರೆ ಹಾಳೆ, ಪ್ರತಿ ತಂಡ ಇಳಿದ ಕೂಡಲೇ ಹಾಳೆ ವಾಪಸು, ಕೂಡಿಸುವವರು ಬೇರೆ. ನೆಂಟಸ್ತಿಕೆ ಇದ್ದರೆ ಮೊದಲೇ ಹೇಳಿ ಏಳಬೇಕು. ಇದು ಸಣ್ಣ ಊರಿನ ರೋಗವಷ್ಟೇ ಅಲ್ಲ. 2002ರ ಸಾಲ್ಟ್ ಲೇಕ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜೋಡಿ ಸ್ಕೇಟಿಂಗ್‌ನ ತೀರ್ಪುಗಾರ್ತಿಯೊಬ್ಬರ ಮೇಲೆ ಒತ್ತಡವಿತ್ತೆಂಬ ಗದ್ದಲವೆದ್ದು ಎರಡು ಜೋಡಿಗಳಿಗೂ ಚಿನ್ನ ಕೊಡಬೇಕಾಯಿತು, ಮುಂದೆ ಅಂಕ ಕೊಡುವ ಪದ್ಧತಿಯನ್ನೇ ಬದಲಾಯಿಸಿದರು.

ಪಕ್ಕದ ಕಾಸರಗೋಡಿನ ನಮ್ಮ ಕನ್ನಡ ಮಕ್ಕಳು ಯಕ್ಷಗಾನ, ಕನ್ನಡ ಕಂಠಪಾಠಗಳಲ್ಲಿ ಸ್ಪರ್ಧಿಸುವ ಕೇರಳ ಶಾಲಾ ಕಲೋತ್ಸವದ ಅನುಭವ ಇನ್ನೂ ಹತ್ತಿರದ್ದು. ಅಲ್ಲಿ 1986ರಿಂದ ಅತಿ ಹೆಚ್ಚು ಅಂಕ ಪಡೆದವರಿಗೆ ಕಲಾತಿಲಕ, ಕಲಾಪ್ರತಿಭೆ ಎಂಬ ಬಿರುದುಗಳಿದ್ದವು. ಆ ಬಿರುದಿನ ಹಿಂದೆ ಬಿದ್ದು ಮನೆಮನೆಗಳ ನಡುವೆ ಜಗಳ, ಕೋರ್ಟು, ಕಣ್ಣೀರು ಎಷ್ಟಾಯಿತೆಂದರೆ 2006ರ ಹೊತ್ತಿಗೆ ಬಿರುದುಗಳನ್ನೇ ಕೈಬಿಟ್ಟು ಗ್ರೇಡ್ ತಂದರು. ನಿಗದಿತ ಅಂಕ ದಾಟಿದವರಿಗೆಲ್ಲ ಎ ಗ್ರೇಡ್. ಒಬ್ಬರು ಗೆಲ್ಲಲು ಇನ್ನೊಬ್ಬರು ಸೋಲಬೇಕಿಲ್ಲ. ಇದು ಒಳ್ಳೆಯ ತಿದ್ದುಪಡಿ, ನಮ್ಮ ಯುವಕ ಮಂಡಲಗಳೂ ಮಾಡಬಹುದು. ಆದರೂ ತೀರ್ಪಿನ ವಿರುದ್ಧ ಮೇಲ್ಮನವಿ ಹಾಕುವ ಗೀಳು ಹೋಗಲಿಲ್ಲ. 2018ರಲ್ಲಿ ತ್ರಿಶೂರಿನ ಕಲೋತ್ಸವಕ್ಕೆ ರಾಜ್ಯ ಮಕ್ಕಳ ಹಕ್ಕುಗಳ ಆಯೋಗದ ಹೆಸರಿನಲ್ಲಿ ನಕಲಿ ಆದೇಶಗಳೇ ಬಂದು, ಪೊಲೀಸ್ ತನಿಖೆ, ಬಂಧನಗಳವರೆಗೆ ಹೋಯಿತು. ಮಕ್ಕಳ ಹಕ್ಕು ಕಾಯುವ ಆಯೋಗದ ಮುದ್ರೆಯನ್ನು ಮಕ್ಕಳ ಸ್ಪರ್ಧೆಗಾಗಿ ದೊಡ್ಡವರು ನಕಲು ಮಾಡಿದರು. ಆ ಸುದ್ದಿ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಿಜವಾಗಿ ಅನ್ಯಾಯವಾಗಿದ್ದರೆ ಸುಮ್ಮನಿರಬೇಕೆಂದು ನಾನು ಹೇಳುತ್ತಿಲ್ಲ. ಆಕ್ಷೇಪ ಅಂಕದ ಬಗ್ಗೆಯೋ ನಿಯಮ ಮುರಿದ ಬಗ್ಗೆಯೋ ಎಂದು ಮೊದಲು ನೀವೇ ನೋಡಿಕೊಳ್ಳಿ. ಅಂಕ ತೀರ್ಪುಗಾರರ ವಿವೇಚನೆ, ಅದನ್ನು ಒಪ್ಪಿಕೊಂಡೇ ನಾವು ಮಕ್ಕಳನ್ನು ಕಳಿಸಿದ್ದು. ವಯಸ್ಸು ತಿದ್ದಿದ್ದು, ಸಮಯ ಮೀರಿದ್ದು, ಕೂಡಿಸುವಾಗ ತಪ್ಪಿದ್ದು ನಿಯಮದ ವಿಷಯ. ಅದನ್ನು ತಂಡದ ಶಿಕ್ಷಕರ ಮೂಲಕ, ಕಾಗದದ ಮೇಲೆ, ಅದೇ ದಿನ ಆಯೋಜಕರಿಗೆ ಕೊಡಿ. ವೇದಿಕೆಯ ಪಕ್ಕದಲ್ಲಿ ನಿಂತು ಕೂಗಬೇಡಿ, ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ತಂಡದ ಮಕ್ಕಳ ವಿಡಿಯೋ ಹಾಕಿ ಚರ್ಚಿಸಬೇಡಿ. ಆ ಮಕ್ಕಳೂ ಸೋಮವಾರ ಅದೇ ಬಸ್ಸಿಗೆ ಬರುತ್ತಾರೆ. ಕಲಿಸುವವರಿಂದ ಹೊಡೆತ, ಅಸಭ್ಯ ವರ್ತನೆ, ಗಾಯ ಮುಚ್ಚಿಟ್ಟದ್ದು ಇಂಥದ್ದಾದರೆ ದಾರಿಯೇ ಬೇರೆ: ಮುಖ್ಯೋಪಾಧ್ಯಾಯರು, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ), ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿ, ಇಲ್ಲವೇ ಮಕ್ಕಳ ಸಹಾಯವಾಣಿ 1098. ಅಲ್ಲಿ ಸಂಕೋಚಕ್ಕೆ ಜಾಗವಿಲ್ಲ, ತಂಡದ ಹೆಸರು ಕೆಟ್ಟೀತು ಎಂಬ ಅಂಜಿಕೆಗೂ ಇಲ್ಲ.

ಕೊನೆಗೆ ಮಗುವನ್ನು ತಂಡದಿಂದ ಬಿಡಿಸುವ ಪ್ರಶ್ನೆ. ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ, ಮ್ಯಾಟ್ ಬಾರದಿದ್ದರೆ, ಮಗು ಅಭ್ಯಾಸದ ದಿನ ಬೆಳಿಗ್ಗೆಯೇ ಹೊಟ್ಟೆನೋವು ಎನ್ನತೊಡಗಿದರೆ ಬಿಡಿಸಿ. ಆದರೆ ಡ್ರೆಸ್ಸಿನ ಅಳತೆ ತೆಗೆಯುವ ಮೊದಲು ಬಿಡಿಸಿ, ಕಾರಣವನ್ನು ಶಿಕ್ಷಕರಿಗೆ ನೇರವಾಗಿ ಹೇಳಿ. ಮಗುವಿನ ಬಾಯಲ್ಲಿ ಹೇಳಿಸಬೇಡಿ. ಉಳಿದ ಮಕ್ಕಳ ಸಾಲು ಮತ್ತೆ ಜೋಡಿಸಲು ಅವರಿಗೆ ಸಮಯ ಸಿಗುತ್ತದೆ, ಕಾರಣ ಕೇಳಿದ ಇನ್ನಿಬ್ಬರು ತಾಯಂದಿರು ಮರುದಿನ ಅದೇ ಪ್ರಶ್ನೆ ಎತ್ತುತ್ತಾರೆ. ನಾನು ನೋಡಿದ ಹಾಗೆ ಮ್ಯಾಟ್ ಬರುವುದು ಹೆಚ್ಚಾಗಿ ಆಗ.